ಗುಂಡು ಹಾಕಿದ ಹಡಗುಗಳು

ನನ್ನ ಮಗಳಿಗೆ ಹನ್ನೆರಡು ವರ್ಷ. ಅಮೆರಿಕದಲ್ಲೇ ಹುಟ್ಟಿ ಬೆಳೆದವಳು, ಮಾತು ಕಲಿತಾಗಿನಿಂದ ನನ್ನ ಕನ್ನಡಕ್ಕೆ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟುಕೊಂಡು ಬಂದವಳು. "ಊಟ ಆಯ್ತಾ?" ಅಂದರೆ "ಯಾ" ಅನ್ನುತ್ತಾಳೆ. ಅಂಥವಳು ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಭಾಷಣ ಮಾಡುತ್ತೇನೆ, ಅದೂ ಕನ್ನಡದಲ್ಲಿ, ಎಂದಾಗ ನನಗೆ ಖುಷಿಗಿಂತ ಮೊದಲು ಗಾಬರಿಯಾಯಿತು. ವಿಷಯ ಮಕ್ಕಳ ಇಷ್ಟ. ಉಳಿದವರು ಅಜ್ಜಿ, ಮೈಸೂರು ಪಾಕು, ದಸರಾ ಆನೆ ಅಂತ ಆರಿಸಿಕೊಂಡಿದ್ದರು. ಇವಳು ಆರಿಸಿಕೊಂಡಿದ್ದು ಅಮೆರಿಕದ ಅಂತರ್ಯುದ್ಧದಲ್ಲಿ ಎರಡು ಕಬ್ಬಿಣದ ಹಡಗುಗಳು ಕಾದಾಡಿದ ಪ್ರಸಂಗ. ಸ್ಕೂಲಿನಲ್ಲಿ ಆ ಪಾಠ ಆದಾಗಿನಿಂದ ಅವಳಿಗೆ ಅದೇ ಗುಂಗು.

ಷರತ್ತುಗಳನ್ನು ಮಾತ್ರ ಇಂಗ್ಲಿಷಿನಲ್ಲಿ ಹಾಕಿದಳು. ಭಾಷಣ ಅವಳದು, ನಾನು ತಿದ್ದಬಾರದು, ಮೊದಲೇ ಕೇಳಲೂ ಬಾರದು. ಜನ ನಕ್ಕರೆ ಅಲ್ಲಿಗೆ ಮುಗಿಯಿತು, ಇನ್ನು ಮೇಲೆ ಕನ್ನಡ ಮಾತಾಡು ಅಂತ ಅವಳ ಪ್ರಾಣ ತಿನ್ನಬಾರದು. ನಾನು ಒಪ್ಪಿದೆ. ಒಪ್ಪದೆ ಏನು ಮಾಡಲಿ?

ಕಥೆಯನ್ನಾದರೂ ತಿಳಿದುಕೊಳ್ಳೋಣ ಎಂದು ಕೇಳಿದರೆ ತಲೆ ಕೆಟ್ಟು ಕೆರ ಹಿಡಿಯಿತು. ಒಂದು ಹಡಗಿನ ಹೆಸರು ಮಾನಿಟರ್. ಲಿಸ್ಲ್ ಊರಿನ ಆಫೀಸಿನಲ್ಲಿ ನನ್ನ ಎದುರು ಎರಡು ಮಾನಿಟರ್ ಇವೆ. ಮೈಸೂರಿನ ಶಾಲೆಯಲ್ಲಿ ಮಾನಿಟರ್ ಎಂದರೆ ಗಲಾಟೆ ಮಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆಯುವವನು. ಯುದ್ಧದ ಹಡಗಿಗೆ ಯಾರಾದರೂ ಆ ಹೆಸರಿಡುತ್ತಾರೆಯೇ? ಚಿತ್ರ ತೋರಿಸಿದಳು. ಹಲಗೆಯ ಮೇಲೆ ಚಕ್ಕುಲಿ ಡಬ್ಬ ಇಟ್ಟ ಹಾಗಿತ್ತು. ಇನ್ನೊಂದಕ್ಕೆ ಎರಡು ಹೆಸರು. ಉತ್ತರದವರು ಬಂದರು ಬಿಟ್ಟು ಓಡುವಾಗ ಅದನ್ನು ಸುಟ್ಟು ಮುಳುಗಿಸಿದರಂತೆ, ದಕ್ಷಿಣದವರು ಎತ್ತಿ, ಕಬ್ಬಿಣ ಹೊದಿಸಿ, ಬೇರೆ ಹೆಸರಿಟ್ಟರಂತೆ. ಪುಸ್ತಕಗಳಲ್ಲಿ ಹಳೆಯ ಹೆಸರೂ ಇದೆ, ಹೊಸದೂ ಇದೆ. ಎಷ್ಟು ಹೊಡೆದಾಡಿದರೂ ಎರಡೂ ಮುಳುಗಲಿಲ್ಲ. "ಹಾಗಾದ್ರೆ ಗೆದ್ದಿದ್ದು ಯಾರು?" ಎಂದೆ. ಇಬ್ಬರೂ ನಾವೇ ಗೆದ್ದೆವು ಎಂದರಂತೆ. ಇಂಥದ್ದನ್ನು ಯಾಕಾದರೂ ಪಾಠಕ್ಕೆ ಇಡುತ್ತಾರೋ ನನಗೆ ಗೊತ್ತಾಗಲಿಲ್ಲ.

ಕಾರ್ಯಕ್ರಮ ಇದ್ದದ್ದು ಹಾಫ್‌ಮನ್ ಎಸ್ಟೇಟ್ಸ್ ಎಂಬ ಊರಿನ ಒಂದು ಸ್ಕೂಲಿನ ಆಡಿಟೋರಿಯಮ್ಮಿನಲ್ಲಿ. ಅವಳಮ್ಮನಿಗೆ ಅವತ್ತು ಆಸ್ಪತ್ರೆ ಡ್ಯೂಟಿ, ವೀಡಿಯೋ ತೆಗೆಯುವ ಜವಾಬ್ದಾರಿ ನನ್ನದು. ಮಗಳು ಲಂಗ ಎತ್ತಿ ಹಿಡಿದು ಮೈಕಿನ ಮುಂದೆ ನಿಂತಳು. ಶುರು ಚೆನ್ನಾಗಿಯೇ ಇತ್ತು. "ಎಲ್ಲರಿಗೂ ನಮಸ್ಕಾರ" ಎಂದಳು, ಕಬ್ಬಿಣ ಯಾಕೆ ತೇಲುತ್ತದೆ ಎಂದು ವಿವರಿಸಿದಳು. ಆಮೇಲೆ ಗಂಭೀರವಾಗಿ ಹೇಳಿದಳು: "ಎರಡು ಹಡಗೂ ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಗುಂಡು ಹಾಕಿದವು."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

"ತುಂಬಾ ಹತ್ತಿರ ಬಂದು ಗುಂಡು ಹಾಕಿದವು. ಎಷ್ಟು ಗುಂಡು ಹಾಕಿದರೂ ಅವಕ್ಕೆ ಏನೂ ಆಗಲಿಲ್ಲ."

ಇಡೀ ಹಾಲು ಬಿದ್ದು ಬಿದ್ದು ನಕ್ಕಿತು. ತಪ್ಪು ಅವಳದಲ್ಲ. ನಮ್ಮ ಮನೆಯಲ್ಲಿ ಬಟ್ಟೆ ಹಾಕು, ಬೀಗ ಹಾಕು, ಅನ್ನ ಹಾಕು, ಲೈಟ್ ಹಾಕು. ಅವಳಿಗೆ ಗೊತ್ತಿದ್ದ ಕ್ರಿಯಾಪದ ಅದೊಂದೇ. ಗುಂಡು ಹಾಕುವುದು ಎಂದರೆ ಕುಡಿಯುವುದು ಎಂದು ಅವಳಿಗೆ ಯಾರು ಹೇಳಿಕೊಡಬೇಕು? ಎದ್ದು ಹೋಗಿ ಅವಳನ್ನು ಕರೆದುಕೊಂಡು ಬರಲೋ, ಕೂತೇ ಇರಲೋ ತಿಳಿಯದೆ ಅರ್ಧ ಎದ್ದು ಅರ್ಧ ಕೂತಿದ್ದೆ. ನಗುವವರ ಮೇಲೆ ಸಿಟ್ಟು ಬಂತು. ಆದರೆ ಅವರು ಕೆಟ್ಟವರಲ್ಲ, ಅದೂ ಗೊತ್ತಿತ್ತು.

ಅವಳು ಎಲ್ಲರನ್ನೂ ಒಂದು ಸಲ ನೋಡಿದಳು. ಮೈಕಿಗೆ ಬಾಯಿ ಹತ್ತಿರ ತಂದು ಕೇಳಿದಳು: "ಯಾಕೆ ನಗ್ತಿದೀರಾ?"

ಮುಂದಿನ ಸಾಲಿನಲ್ಲಿದ್ದ ಹುಬ್ಬಳ್ಳಿ ಕಡೆಯ ಆಂಟಿಯೊಬ್ಬರು ಎದ್ದು ನಿಂತರು. "ಗುಂಡು ಹಾಕೂದು ಅಂದ್ರ ಕುಡಿಯೂದು, ಬಂಗಾರಿ. ಹಡಗು ಕುಡದ್ವು ಅಂದಂಗಾತು. ಹಾರಿಸಿದ್ವು ಅನಬೇಕು."

ಮಗಳು "ಓಕೆ, ಹಾರಿಸಿದ್ವು" ಎಂದಳು. ಮಿಕ್ಕಿದ್ದನ್ನೆಲ್ಲ ಹಾರಿಸಿದವು, ಹಾರಿಸಿದವು ಎಂದೇ ಓದಿ ಮುಗಿಸಿದಳು. ಚಪ್ಪಾಳೆ ಜೋರಾಗಿತ್ತು. ಅವಳ ಮುಖ ಕೆಂಪಗಿತ್ತು, ಅದು ಸಿಟ್ಟೋ, ಅಳುವೋ, ಸ್ಟೇಜಿನ ಲೈಟೋ, ದೂರದಿಂದ ಗೊತ್ತಾಗಲಿಲ್ಲ.

ಬಿಸಿಬೇಳೆಬಾತ್ ಮುಟ್ಟದೆ ಕಾರಿಗೆ ಬಂದು ಕೂತಳು. ಲೊಂಬಾರ್ಡ್‌ನ ನಮ್ಮ ಮನೆ ಕಡೆಗೆ ಹೊರಟೆವು. ಅವಳು ಕಿಟಕಿಯ ಕಡೆ ತಿರುಗಿಕೊಂಡಿದ್ದಳು. ಜನ ನಕ್ಕಿದ್ದರು, ಷರತ್ತು ಷರತ್ತೇ, ಮುರಿಯುವ ಧೈರ್ಯ ನನಗಿರಲಿಲ್ಲ. ಅವಳು ಹುಟ್ಟಿದಾಗಿನಿಂದ ಒಮ್ಮೆಯೂ ಮಾಡದ ಕೆಲಸ ಮಾಡಿದೆ. "ಆರ್ ಯೂ ಓಕೆ?" ಎಂದು ಇಂಗ್ಲಿಷಿನಲ್ಲಿ ಕೇಳಿದೆ.

ಅವಳು ಸರಕ್ಕನೆ ತಿರುಗಿದಳು. "ಕನ್ನಡದಲ್ಲಿ ಕೇಳು, ಅಪ್ಪಾ."

ಆ ಪ್ರಶ್ನೆಯನ್ನು ಕನ್ನಡದಲ್ಲಿ ಹೇಗೆ ಕೇಳುತ್ತಾರೆ ಎಂದು ಹುಡುಕಬೇಕಾಯಿತು.

"ಬೇಜಾರಾಯ್ತಾ, ಮಗಳೇ?"

"ಹೂಂ. ತುಂಬಾ ಬೇಜಾರಾಯ್ತು" ಎಂದು ಅತ್ತುಬಿಟ್ಟಳು. ಸ್ಟಿಯರಿಂಗ್ ಹಿಡಿದು ಕೂತ ನನಗೆ ಎಷ್ಟು ಸಂಕಟವಾಯಿತೋ ಅಷ್ಟೇ ಸಂತೋಷವೂ ಆಯಿತು. ಹಾಗಾದದ್ದು ಸರಿಯೋ ತಪ್ಪೋ ಇವತ್ತಿಗೂ ಗೊತ್ತಿಲ್ಲ.