ತಾಯಿ ಎಂದು ಬರೆದ ಅರ್ಜಿ

ನಮ್ಮ ನಿರ್ದೇಶಕರು ಆ ಹುಡುಗಿಯನ್ನು ನನ್ನ ಮೇಜಿನ ಹತ್ತಿರ ಕರೆತಂದಾಗ ನನಗೆ ಅಷ್ಟೇನೂ ಖುಷಿಯಾಗಿರಲಿಲ್ಲ. ನ್ಯೂವಾರ್ಕಿನ ಒಂದು ಸಾರ್ವಜನಿಕ ಸಂಸ್ಥೆಯ ಎಚ್.ಆರ್. ವಿಭಾಗದಲ್ಲಿ ನನ್ನ ಕೆಲಸ. ಬಸ್ ಓಡಿಸುವವರು, ರಸ್ತೆ ರಿಪೇರಿಯವರು, ಗುಮಾಸ್ತರು, ಎಲ್ಲರ ರಜೆಯ ಅರ್ಜಿಗಳೂ ನನ್ನ ಹತ್ತಿರವೇ ಬರುತ್ತವೆ. ಮನೆಯಿರುವ ಎಡಿಸನ್ನಿನಿಂದ ಬೆಳಗಿನ ರೈಲು ಹಿಡಿದು ಬಂದು, ಸಂಜೆಯೊಳಗೆ ಆ ರಾಶಿ ಕರಗಿಸುವುದರಲ್ಲೇ ದಿನ ಮುಗಿಯುತ್ತಿತ್ತು. ಇದರ ನಡುವೆ ಇನ್ನೊಬ್ಬರಿಗೆ ಕೆಲಸ ಕಲಿಸುವ ಪುರುಸೊತ್ತು ಎಲ್ಲಿಂದ ತರಲಿ?

ಈ ನೆಲದ ಮೂಲನಿವಾಸಿ ಸಮುದಾಯಗಳಲ್ಲಿ ಹೊಸದಾಗಿ ಪದವಿ ಮುಗಿಸಿದವರಿಗೆ ಒಂದು ವರ್ಷ ಸಂಬಳ ಕೊಟ್ಟು ಕೆಲಸ ಕಲಿಸುವ ಇಂಟರ್ನ್‌ಶಿಪ್ ಆಗಷ್ಟೇ ಶುರುವಾಗಿತ್ತು. ನಮ್ಮ ವಿಭಾಗಕ್ಕೆ ಬಂದವಳು ಇವಳೊಬ್ಬಳೇ. ನ್ಯೂಯಾರ್ಕ್ ರಾಜ್ಯದ ಉತ್ತರದ ತುದಿ, ಕೆನಡಾ ಗಡಿಯ ಪಕ್ಕದ ಊರು. ಇಪ್ಪತ್ಮೂರು ವರ್ಷ, ಎತ್ತರದ ಆಳು, ಮಾತು ಕಡಿಮೆ. ಮೊದಲ ದಿನ ಏನು ಕೊಡಬೇಕೆಂದು ತೋಚದೆ ನಮ್ಮ ನಿಯಮಗಳ ದಪ್ಪ ಪುಸ್ತಕ ಕೊಟ್ಟು, "ಇದನ್ನ ಓದ್ತಿರು" ಎಂದೆ. ಯಾರೂ ಓದದ ಪುಸ್ತಕ ಅದು. ಇವಳು ಪೆನ್ಸಿಲ್ ಹಿಡಿದು, ಕಾದಂಬರಿ ಓದುವವಳ ಹಾಗೆ, ನಾಲ್ಕು ದಿನದಲ್ಲಿ ಮುಗಿಸಿದಳು.

"ಇದನ್ನ ಬರೆದವರು ಯಾರು?" ಎಂದು ಕೇಳಿದಳು.

"ಯಾಕೆ?"

"ಕೆಲವು ಕಡೆ ತುಂಬಾ ಭಯ ಇಟ್ಕೊಂಡು ಬರೆದಿದಾರೆ ಅನ್ಸತ್ತೆ. ಎಲ್ಲರೂ ಸುಳ್ಳು ಹೇಳೋಕೇ ಬರ್ತಾರೆ ಅನ್ನೋ ಥರ."

ರಜೆಯ ಅಧ್ಯಾಯದ ಅರ್ಧ ನಾನೇ ತಿದ್ದಿ ಬರೆದದ್ದು. ಹೇಳಲಿಲ್ಲ. ಆದರೆ ಮನೆಗೆ ಹೋಗಿ ಗಂಡನಿಗೆ ಹೇಳಿದೆ. ಅವರು ನಕ್ಕು, "ಸರ್ಯಾಗ್ ಹಿಡ್ದಿದಾಳೆ ಬಿಡು. ನಮ್ಮನೆ ರೂಲ್ಸೂ ಹಾಗೇ ಇವೆ" ಎಂದರು.

ಸ್ವಲ್ಪ ದಿನಗಳಲ್ಲೇ ನನಗೆ ಅವಳು ಒಗ್ಗಿಹೋದಳು. ಫೋನಿನಲ್ಲಿ ರೇಗುವ ಡ್ರೈವರುಗಳನ್ನು ಅವಳಷ್ಟು ತಾಳ್ಮೆಯಿಂದ ಯಾರೂ ಮಾತಾಡಿಸುತ್ತಿರಲಿಲ್ಲ. ಮಧ್ಯಾಹ್ನ ಡಬ್ಬಿ ಬಿಚ್ಚಿದರೆ ನನ್ನ ಉಪ್ಪಿನಕಾಯಿಯಲ್ಲಿ ಪಾಲು ಕೇಳುವಳು. ಒಂದು ದಿನ ಇದ್ದಕ್ಕಿದ್ದಂತೆ ನನ್ನನ್ನು "ಆಂಟಿ" ಎಂದು ಕರೆದಳು. ಎಡಿಸನ್ನಿನ ನಮ್ಮವರ ಮಕ್ಕಳಿಂದ ಕಲಿತಳೇನೋ ಅಂದುಕೊಂಡೆ. ಅಲ್ಲವಂತೆ. ಅವರ ಊರಿನಲ್ಲೂ ಹಿರಿಯ ಹೆಂಗಸರನ್ನೆಲ್ಲ ಕರೆಯುವುದೇ ಹಾಗಂತೆ.

ನವೆಂಬರಿನ ಒಂದು ಮಂಗಳವಾರ ಬೆಳಿಗ್ಗೆ ಅವಳ ಅಮ್ಮ ಫೋನ್ ಮಾಡಿದರು. "ಅಮ್ಮನ ಫೋನು" ಎಂದು ಅವಳು ಕಾರಿಡಾರಿಗೆ ಹೋಗಿ ಮಾತಾಡಿ ಬಂದು, ಒಂದು ಅರ್ಜಿ ತುಂಬಿ ನನ್ನ ಮುಂದಿಟ್ಟಳು. ಮನೆಯಲ್ಲಿ ಸಾವಾದರೆ ಕೊಡುವ ರಜೆಯ ಅರ್ಜಿ. 'ಮೃತರು ನಿಮಗೆ ಏನಾಗಬೇಕು' ಎಂಬಲ್ಲಿ 'ತಾಯಿ' ಎಂದಿತ್ತು.

"ಈಗ ಫೋನ್ ಮಾಡಿದ್ದು ನಿಮ್ಮಮ್ಮ ಅಂದ್ಯಲ್ಲ?"

"ಹೌದು. ತೀರ್ಕೊಂಡಿದ್ದು ಅಮ್ಮನ ಅಕ್ಕ."

"ಹಾಗಿದ್ರೆ ತಾಯಿ ಅಂತ ಬರೆಯೋ ಹಾಗಿಲ್ಲ ಕಣೇ. ಆಂಟ್ ಅಂತ ಬರೀಬೇಕು. ಆಂಟ್‌ಗೆ ಈ ರಜೆ ಬರಲ್ಲ."

ಅವಳು ಜಗಳಾಡಲಿಲ್ಲ. "ನಮ್ಮ ಭಾಷೇಲಿ ಇಬ್ಬರಿಗೂ ಒಂದೇ ಪದ. ಅಮ್ಮ ಕೆಲಸಕ್ಕೆ ಹೋಗೋಳು. ನನ್ನನ್ನ ಸಾಕಿದ್ದು ಅವಳು. ಬೇರೆ ಏನು ಬರೀಲಿ, ಆಂಟಿ?" ಎಂದಳು.

ಮೈಸೂರಿನಲ್ಲಿ ನನ್ನನ್ನು ಬೆಳೆಸಿದ್ದು ನನ್ನ ದೊಡ್ಡಮ್ಮ. ಅಮ್ಮ ಮೇಷ್ಟರ ಕೆಲಸದಲ್ಲಿ ಊರೂರು ವರ್ಗವಾಗುತ್ತಿದ್ದುದರಿಂದ ಹೈಸ್ಕೂಲು ಮುಗಿಯುವವರೆಗೂ ನಾನು ಅವರ ಮನೆಯಲ್ಲೇ ಇದ್ದೆ. ತಲೆ ಬಾಚಿದ್ದು, ಜ್ವರ ಬಂದಾಗ ರಾತ್ರಿಯಿಡೀ ಕೂತದ್ದು, ಕಾಲೇಜಿಗೆ ಸೇರಿಸಲು ಕ್ಯೂ ನಿಂತದ್ದು ಎಲ್ಲ ಅವರೇ. ಆರು ವರ್ಷದ ಹಿಂದೆ ಅವರು ತೀರಿಕೊಂಡಾಗ ಇದೇ ಮೇಜಿನಲ್ಲಿ ಕೂತು ಇದೇ ನಿಯಮ ನೋಡಿ, ನನ್ನ ವೆಕೇಶನ್ ದಿನಗಳಲ್ಲಿ ಒಂದು ವಾರ ತೆಗೆದು, ಕಾರಣ 'ವೈಯಕ್ತಿಕ' ಎಂದು ಬರೆದು ವಿಮಾನ ಹತ್ತಿದ್ದೆ. ನಿಯಮ ತಪ್ಪಿರಬಹುದು ಎಂದು ಆಗ ಒಂದು ಕ್ಷಣವೂ ಹೊಳೆಯಲಿಲ್ಲ. ವಾಪಸು ಬಂದ ಮೇಲೆ ಅದೇ ನಿಯಮ ತೋರಿಸಿ ಎಷ್ಟು ಜನರ ಅರ್ಜಿ ತಿರಸ್ಕರಿಸಿದ್ದೆನೋ.

"ನಮ್ಮಲ್ಲೂ ಅಮ್ಮನ ಅಕ್ಕನಿಗೆ ದೊಡ್ಡಮ್ಮ ಅಂತೀವಿ. ದೊಡ್ಡ ಅಮ್ಮ" ಎಂದೆ.

"ಮತ್ತೆ ನಿಮಗೆ ಗೊತ್ತೇ ಇದೆಯಲ್ಲ" ಎಂದಳು.

"ಎಷ್ಟು ದಿನ ಬೇಕು?"

"ಹತ್ತು. ಹತ್ತನೇ ದಿನ ಅವಳಿಗಿಷ್ಟವಾದ ಅಡುಗೆ ಮಾಡಿ ಎಲ್ಲರಿಗೂ ಊಟ ಹಾಕ್ತೀವಿ. ಆಮೇಲೇ ಅವಳು ಹೊರಡೋದು."

ಕಾಗೆ ಪಿಂಡ ಮುಟ್ಟಲಿ ಎಂದು ದೊಡ್ಡಮ್ಮನ ಮಕ್ಕಳು, ನನ್ನ ಅಣ್ಣಂದಿರು, ಹತ್ತನೇ ದಿನ ನದೀತೀರದಲ್ಲಿ ಕಾದು ನಿಂತದ್ದನ್ನು ಫೋನಿನಲ್ಲಿ ಕೇಳಿದ್ದು ನೆನಪಾಯಿತು. ಆ ಹೊತ್ತಿಗೆ ನಾನು ರಜೆ ಮುಗಿಸಿ ಇಲ್ಲಿ ಕೆಲಸಕ್ಕೆ ಬಂದಾಗಿತ್ತು.

ಅರ್ಜಿ ಹಿಡಿದು ನಿರ್ದೇಶಕರ ಕೋಣೆಗೆ ಹೋದೆ. ಅವರು ಕೆಟ್ಟವರಲ್ಲ, ಎಚ್ಚರಿಕೆಯ ಮನುಷ್ಯ. ಎಲ್ಲ ಕೇಳಿ, "ಇಂಟರ್ನ್ ವಿಷಯದಲ್ಲಿ ನಂಗೆ ಸ್ವಲ್ಪ ಅಧಿಕಾರ ಇದೆ, ಕೊಡ್ತೀನಿ. ಆದ್ರೆ ನಾಳೆ ಇನ್ನೊಬ್ಬರು ಬಂದ್ರೆ ಕೊಡೋಕಾಗಲ್ಲ. ಅಷ್ಟು ಅನ್ಯಾಯ ಅನ್ಸಿದ್ರೆ ನೀವೇ ರೂಲ್ ಬದಲಾಯಿಸಿ" ಎಂದು ಸಹಿ ಹಾಕಿದರು. ಮಾರನೆಯ ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಅವಳ ಕೈಗೆ ಒಂದು ಡಬ್ಬಿ ಪುಳಿಯೋಗರೆ ಕೊಟ್ಟೆ. ದಾರಿ ಇಡೀ ದಿನದ್ದು.

ಹತ್ತು ದಿನ ಕಳೆದು ಬಂದವಳು ಅದೇ ಡಬ್ಬಿಯಲ್ಲಿ ಅವಳಮ್ಮ ಮಾಡಿದ ಮುಸುಕಿನ ಜೋಳದ ರೊಟ್ಟಿ ತಂದಿದ್ದಳು. ನಮ್ಮ ರೊಟ್ಟಿಯಂತಲ್ಲ, ಒಳಗೆ ಅವರೆಯಂಥ ಕಾಳು ಹಾಕಿ ನೀರಿನಲ್ಲಿ ಬೇಯಿಸಿದ ದಪ್ಪ ಬಿಲ್ಲೆ. ಅದನ್ನು ತಿನ್ನುತ್ತಲೇ ಹೊಸ ನಿಯಮದ ಕರಡು ಶುರು ಮಾಡಿದೆವು. ಬರೆದವಳು ಅವಳು. ನಾನು ಹಳೆಯ ತಿರಸ್ಕೃತ ಅರ್ಜಿಗಳನ್ನು ಹುಡುಕಿ ತೆಗೆದೆ. ಮಲತಾಯಿ, ಸೋದರಮಾವ, ಸಾಕಿದ ನೆರೆಮನೆಯವರು. ಎಷ್ಟೋ ಕಡೆ ಕೆಳಗೆ ನನ್ನದೇ ಸಹಿ. ಆಗ ಅವಳಿಗೆ ಹೇಳಿದೆ, ಆ ಅಧ್ಯಾಯ ಬರೆದವಳು ನಾನೇ ಎಂದು.

"ಗೊತ್ತು. ಕಾಮಾಗಳು ನಿಮ್ಮ ಈಮೇಲಿನ ಥರಾನೇ ಇವೆ" ಎಂದಳು.

ನಾಲ್ಕು ತಿಂಗಳು ಹಿಡಿಯಿತು. ಕೊನೆಯ ಸಭೆಯಲ್ಲಿ ಸಂಸ್ಥೆಯ ವಕೀಲರು ಕೇಳಿದರು, "ಸಾಕಿದ್ದಾರೆ ಅನ್ನೋಕೆ ಪ್ರೂಫ್ ಏನು? ಯಾರು ಬೇಕಾದ್ರೂ ಬಂದು ಹೇಳಬಹುದಲ್ಲ?"

ನಾನು ಸಿದ್ಧ ಮಾಡಿಕೊಂಡಿದ್ದ ಉತ್ತರಕ್ಕೆ ಕಾಗದ ತಡಕುವಷ್ಟರಲ್ಲಿ ಅವಳು ಮೆಲ್ಲಗೆ, "ಅಜ್ಜಿ ಸತ್ರು ಅಂತ ಬಂದವರನ್ನ, ಅವರು ನಿಮ್ಮಜ್ಜಿ ಅನ್ನೋಕೆ ಪ್ರೂಫ್ ಏನು ಅಂತ ನಾವು ಕೇಳ್ತೀವಾ?" ಎಂದಳು.

ನೌಕರರ ಯೂನಿಯನ್ನಿನ ಕಡೆಯಿಂದ ಬಂದಿದ್ದ ಬಸ್ ಡ್ರೈವರ್ ಹೆಂಗಸು ಜೋರಾಗಿ ನಕ್ಕಳು. ವಕೀಲರೂ ನಕ್ಕರು. 'ನೌಕರರನ್ನು ಸಾಕಿ ಬೆಳೆಸಿದವರು' ಎಂಬ ಮಾತು ನಿಯಮದೊಳಗೆ ಬಂತು. 'ಅವರವರ ಸಮುದಾಯದ ರೂಢಿಯಂತೆ ತಾಯಿ ತಂದೆ ಎನಿಸಿಕೊಳ್ಳುವವರು' ಎಂಬುದನ್ನು ಮಾತ್ರ ವಕೀಲರು ಹೊಡೆದುಹಾಕಿದರು. ಹತ್ತು ಮಾಡಿ ಎಂದು ಕೇಳಿದ್ದ ರಜೆಯ ದಿನಗಳೂ ಹಿಂದಿನಂತೆ ಐದೇ ಉಳಿದವು. "ಅರ್ಧಾನೇ ಸಿಕ್ತು" ಎಂದಳು ಅವಳು, ರೈಲು ನಿಲ್ದಾಣದಲ್ಲಿ. ನನಗೆ ಆ ಅರ್ಧವೇ ಹಬ್ಬದ ಹಾಗಿತ್ತು. ಅವಳ ಬೇಸರ ಅವಳಿಗೆ, ನನ್ನ ಖುಷಿ ನನಗೆ.

ಇಂಟರ್ನ್‌ಶಿಪ್ ಮುಗಿದ ಮೇಲೆ ನಮ್ಮಲ್ಲೇ ಖಾಯಂ ಕೆಲಸಕ್ಕೆ ಕರೆದರು. ಅವಳು ಒಪ್ಪಲಿಲ್ಲ. ತನ್ನ ಸಮುದಾಯದವರೇ ನಡೆಸುವ ಸ್ವಂತ ಸರ್ಕಾರದ ಕಚೇರಿಯಲ್ಲಿ ಎಚ್.ಆರ್. ಕೆಲಸ ಸಿಕ್ಕಿ ಊರಿಗೆ ಹೋದಳು. ಹೋಗುವ ಮುಂಚಿನ ಶನಿವಾರ ಎಡಿಸನ್ನಿನ ಪಕ್ಕದ, ನಮ್ಮವರ ಅಂಗಡಿ-ಹೋಟೆಲುಗಳಿರುವ ಐಸೆಲಿನ್ನಿಗೆ ಕರೆದುಕೊಂಡು ಹೋಗಿ ಮಸಾಲೆದೋಸೆ ತಿನ್ನಿಸಿದೆ. ಅವಳಮ್ಮನಿಗೆಂದು ನಾನು ಆರಿಸಿದ ಶಾಲು ಬೇಡವೆಂದು, ತಾನೇ ಕಡುನೀಲಿಯ ಇನ್ನೊಂದನ್ನು ಆರಿಸಿಕೊಂಡಳು. ಅದೇ ಚೆನ್ನಾಗಿತ್ತು.

ಆ ಬೇಸಿಗೆಯ ಕೊನೆಗೆ ಹೊಸ ನಿಯಮದಡಿ ಮೊದಲ ಅರ್ಜಿ ಬಂತು. ರಸ್ತೆ ರಿಪೇರಿ ವಿಭಾಗದ ಒಬ್ಬ ಹಿರಿಯ ಕೆಲಸಗಾರನದು. 'ಏನಾಗಬೇಕು' ಎಂಬಲ್ಲಿ ಆತ, 'ಎರಡನೇ ಮಹಡಿಯಲ್ಲಿದ್ದ ಹೆಂಗಸು. ಅಮ್ಮ ಹೋದ ಮೇಲೆ ನಮ್ಮ ಮೂವರನ್ನೂ ಅವರೇ ನೋಡಿಕೊಂಡರು' ಎಂದು ಜಾಗ ಸಾಲದೆ ಅಂಚಿನವರೆಗೂ ಬರೆದಿದ್ದ. ಸಹಿ ಮಾಡಿ ನಾನೇ ಫೋನ್ ಹಚ್ಚಿದೆ.

"ನಿಜವಾಗ್ಲೂ ಕೊಟ್ರಾ?" ಎಂದ.

"ಕೊಟ್ಟಿದೀವಿ. ಸೋಮವಾರದವರೆಗೂ ಬರಬೇಡಿ, ಮನೆಯವರ ಜೊತೆ ಇರಿ."

ಆತ ಆಕೆಯ ಹೆಸರು ಹೇಳಿದ. ಆಮೇಲೆ ಆಕೆ ಭಾನುವಾರ ಮಾಡುತ್ತಿದ್ದ ಕೋಳಿಸಾರಿನ ವಿಚಾರ ಶುರು ಮಾಡಿದ. ನಾನು ಪೆನ್ನು ಕೆಳಗಿಟ್ಟು ಕೇಳುತ್ತ ಕೂತೆ.