ಪಟ್ಟಿಯಲ್ಲಿ ಇಲ್ಲದ ನಿಂಬೆಹಣ್ಣು

ಜುಲೈ ಎಂಟರ ಪುಟದಲ್ಲಿ ಹೀಗೆ ಬರೆದಿದ್ದೇನೆ: “ಗಾಡಿ ಗ್ಯಾರೇಜು ಬಿಟ್ಟು ಕದಲಿಲ್ಲ. ಈವರೆಗೆ ಓಡಿದ್ದು ಹನ್ನೊಂದು ಕಿಲೋಮೀಟರ್.” ಎರಡೂ ಮಾತು ನಿಜ. ನಾಲ್ಕೂ ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸಿದ್ದ ಗಾಡಿ ಅದು. ಇಂಜಿನ್ ಚಾಲೂ ಮಾಡಿದರೆ ಸಾಕು, ಮೀಟರಿನ ಮುಳ್ಳು ಎದ್ದು ಗಂಟೆಗೆ ಏಳು ಕಿಲೋಮೀಟರಿಗೆ ಹೋಗಿ ನಿಲ್ಲುತ್ತಿತ್ತು. ಬಳ್ಳಾರಿಯ ನಮ್ಮ ಗ್ಯಾರೇಜಿನ ನೆರಳಲ್ಲೇ ನಿಂತುಕೊಂಡು ಅದು ಮೀಟರಿನ ಲೆಕ್ಕದಲ್ಲಿ ಕೊಳಗಲ್ಲಿನ ಹೊಲಗಳ ತನಕ ಹೋಗಿಬಿಟ್ಟಿತ್ತು.

ಡೈರಿ ಬರೆಯುವ ಚಟ ನನಗೆ ಅಪ್ಪನಿಂದ ಬಂದದ್ದು. ಅವರು ಕಚೇರಿಯೊಂದರಲ್ಲಿ ಗುಮಾಸ್ತರು. ಕರೆಂಟು ಹೋದ ಹೊತ್ತನ್ನೂ ಬಂದ ಹೊತ್ತನ್ನೂ ಬರೆದಿಡುವವರು. ನಾನು ಡಿಪ್ಲೊಮಾ ಮುಗಿಸಿ ಗಾಡಿಗಳ ವೈರಿಂಗ್ ಕಲಿಯಲು ಗ್ಯಾರೇಜು ಸೇರುತ್ತೇನೆ ಎಂದಾಗ ಅವರು ಬೇಡ ಎನ್ನಲಿಲ್ಲ. ದಿನಕ್ಕೊಂದು ಪುಟದ ದಪ್ಪ ಡೈರಿ ಕೈಗಿಟ್ಟು, ಎಲ್ಲಿದ್ದರೂ ಬರೆದಿಡು ಎಂದರು. ಮೊದಲ ವಾರದಲ್ಲೇ ಮೇಸ್ತ್ರಿ ನನ್ನನ್ನು ‘ಗುಮಾಸ್ತ’ ಎಂದು ಕರೆಯತೊಡಗಿದರು. ಅಪ್ಪ ಪರೀಕ್ಷೆ ಬರೆದು ಪಡೆದ ಹುದ್ದೆ ನನಗೆ ಆರನೇ ದಿನಕ್ಕೆ ಪುಕ್ಕಟೆಯಾಗಿ ಸಿಕ್ಕಿತು.

ಒಂದೂವರೆ ವರ್ಷ ನನ್ನ ಕೈಗೆ ಬಂದದ್ದು ಹಾರ್ನು ಮತ್ತು ಬಲ್ಬು ಮಾತ್ರ. ಹಾರ್ನು ಇನ್ನೂರ ಹದಿನಾಲ್ಕು. ಬಲ್ಬಿನ ಲೆಕ್ಕವೂ ಇದೆ, ಹೇಳಲು ನಾಚಿಕೆ.

ಹೀಗಿರುವಾಗ ಸಿರುಗುಪ್ಪ ತಾಲ್ಲೂಕಿನ ಹಚ್ಚೊಳ್ಳಿಯಿಂದ ಒಬ್ಬ ಗೌಡರು ಬಂದರು. ಭತ್ತ ಬೆಳೆಯುವವರು. ಅವರ ಹಳೆಯ ಸಣ್ಣ ಲಾರಿಗೆ ಇಂಜಿನ್ನೂ ಗೇರ್‌ಬಾಕ್ಸೂ ಒಟ್ಟಿಗೆ ಕೈಕೊಟ್ಟಿದ್ದವು. ಜೂನ್ ಇಪ್ಪತ್ಮೂರಕ್ಕೆ ಮೇಸ್ತ್ರಿ, ಗೌಡರು ಮತ್ತು ನಾನು ಕುರುಗೋಡಿನ ಹತ್ತಿರದ ಒಂದು ಗುಜರಿಗೆ ಹೋದೆವು. ಮರಕ್ಕೆ ಗುದ್ದಿ ಮುಖ ಕಳೆದುಕೊಂಡಿದ್ದ ಹೊಸ ಕಾಲದ ಗಾಡಿಯೊಂದರಿಂದ ಇಂಜಿನ್, ಗೇರ್‌ಬಾಕ್ಸ್, ಅದರ ಹಿಂದಿನ ಟ್ರಾನ್ಸ್‌ಫರ್ ಕೇಸ್ ಎಲ್ಲವನ್ನೂ ಬಿಚ್ಚಿ ತಂದೆವು. ಟ್ರಾನ್ಸ್‌ಫರ್ ಕೇಸ್ ಎಂದರೆ ಇಂಜಿನ್ನಿನ ಶಕ್ತಿಯನ್ನು ಹಿಂದಿನ ಚಕ್ರಗಳ ಜೊತೆ ಮುಂದಿನ ಚಕ್ರಗಳಿಗೂ ಹಂಚುವ ಪೆಟ್ಟಿಗೆ. ಕೆಸರಿನಲ್ಲಿ ಸಿಕ್ಕಿಬಿದ್ದಾಗ ಅದನ್ನು ‘ಲೋ’ಗೆ ಹಾಕಿದರೆ ಗಾಡಿ ಎಮ್ಮೆಯ ಹಾಗೆ ನಿಧಾನಕ್ಕೆ ಎದ್ದು ಬರುತ್ತದೆ. ಹಳೆಯ ಗಾಡಿಯಲ್ಲಿ ಇದಕ್ಕೊಂದು ಉದ್ದನೆಯ ಕೈಹಿಡಿ ಇತ್ತು. ಹೊಸದರಲ್ಲಿ ಒಂದು ಗುಂಡಿ, ಒಂದು ಮೋಟರು, ಒಂದು ಕಂಟ್ರೋಲ್ ಯೂನಿಟ್ಟು ಮತ್ತು ಮೂವತ್ತೊಂದು ವೈರು.

ಆ ಮೂವತ್ತೊಂದನ್ನು ನೋಡಿ ಮೇಸ್ತ್ರಿ ಹಿಂದೆ ಸರಿದು, ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡರು.

“ಇದು ನಿಂದಽ ಗುಮಾಸ್ತ. ಹಚ್ಚೊಳ್ಳಿ ಕಾಲುವಿಗೆ ನೀರು ಬರೋದ್ರಾಗ ಮುಗಿಸಿದ್ರ ಇನ್ನ ಮ್ಯಾಲೆ ವೈರಿಂಗೆಲ್ಲ ನಿಂದು. ಇಲ್ಲಾಂದ್ರ ಈ ಪೆಟಿಗಿ ಬಿಚ್ಚಿ ವಾಪಸ್ ಗುಜರಿಗೆ. ನೀನು ವಾಪಸ್ ಹಾರ್ನಿಗೆ.”

ನೀರಿನ ಮಾತು ಗೌಡರದು. ಕಾಲುವೆಗೆ ನೀರು ಬಿಟ್ಟರೆ ಭತ್ತದ ನಾಟಿ ಶುರು. ಸಸಿಯ ಕಟ್ಟುಗಳನ್ನೂ ನಾಟಿಯ ಹೆಂಗಸರನ್ನೂ ಕಾಲುವೆ ಏರಿಯ ಕರಿಮಣ್ಣಿನ ದಾರಿಯಲ್ಲಿ ಹೊಲಕ್ಕೆ ಮುಟ್ಟಿಸಬೇಕು. ಬರೀ ಹಿಂದಿನ ಚಕ್ರದ ಗಾಡಿ ಅಲ್ಲಿ ಮೊದಲ ಮೋರಿಯ ಹತ್ತಿರವೇ ಕೂತುಬಿಡುತ್ತದೆ.

ನಾನು ಎರಡು ದಿನ ಗಾಡಿಯ ಅಡಿಯಲ್ಲಿ ಮಲಗಿ, ನನ್ನ ಕೆಲಸಕ್ಕೆ ಸಂಬಂಧಪಟ್ಟು ಅಲ್ಲಿದ್ದ ಪ್ರತಿಯೊಂದು ವಸ್ತುವಿಗೂ ನಂಬರು ಕೊಟ್ಟು ಪಟ್ಟಿ ಮಾಡಿದೆ. ನಲವತ್ಮೂರು. ಅದರಲ್ಲಿ ಇಪ್ಪತ್ತೇಳನೆಯದು ಸ್ಪೀಡ್ ಸೆನ್ಸರ್. ಹೆಬ್ಬೆರಳಿನಷ್ಟು ದಪ್ಪದ ಈ ಸಾಮಾನಿನ ತುದಿಯಲ್ಲಿ ಅಯಸ್ಕಾಂತ ಇರುತ್ತದೆ. ಎದುರಿಗೆ ತಿರುಗುವ ಹಲ್ಲಿನ ಚಕ್ರದ ಕಬ್ಬಿಣದ ಹಲ್ಲುಗಳು ಹಾದುಹೋದದ್ದನ್ನು ಎಣಿಸಿ ಗಾಡಿಯ ವೇಗ ಹೇಳುತ್ತದೆ. ಎಣಿಸುವುದೇ ಅದರ ಕಸುಬು. ಅದಕ್ಕೇ ಇರಬೇಕು, ನನಗೆ ಅದರ ಮೇಲೆ ಒಂದು ಬಗೆಯ ಪ್ರೀತಿ ಹುಟ್ಟಿತು. ಗುದ್ದಿದ ಗಾಡಿಯಲ್ಲಿ ಅದು ಕೂರುವ ಜಾಗ ಒಡೆದಿದ್ದರಿಂದ, ಪೆಟ್ಟಿಗೆಯ ಹೊರಗೆ ಶಾಫ್ಟಿಗೆ ಹಲ್ಲಿನ ಚಕ್ರವೊಂದನ್ನು ಬಿಗಿದು, ಸೆನ್ಸರಿಗೆ ನಾನೇ ಕೈಯಾರೆ ಒಂದು ಕ್ಲಾಂಪು ಮಾಡಿದೆ. ಅದರ ತುದಿಯಲ್ಲಿ ಚಂದಕ್ಕೆ ಒಂದು ತೂತನ್ನೂ ಕೊರೆದೆ. ಆ ತೂತು ಯಾತಕ್ಕೂ ಬೇಕಿರಲಿಲ್ಲ.

ಜೂನ್ ಇಪ್ಪತ್ತೆಂಟು, ಶನಿವಾರ, ಗೌಡರ ತಾಯಿ ಬಸ್ಸಿನಲ್ಲಿ ಮಗನ ಜೊತೆ ಬಂದರು. ಸಾಮಾನು ಎಲ್ಲಿಂದ ಬಂತು ಎಂದು ಕೇಳಿದರು. ಸುಳ್ಳು ಹೇಳಲು ಬಾರದ ಗೌಡರು ಮರಕ್ಕೆ ಗುದ್ದಿದ ಸಂಗತಿಯನ್ನು ಹೇಳಿಬಿಟ್ಟು, ಯಾರೂ ಸತ್ತಿಲ್ಲವಂತೆ ಎಂದು ಗಡಿಬಿಡಿಯಲ್ಲಿ ಸೇರಿಸಿದರು.

“ಗಾಡಿ ಸತ್ತೈತಲ್ಲಪ್ಪ,” ಎಂದರು ಮುದುಕಿ.

ಕೈಚೀಲದಿಂದ ಅವರು ತೆಗೆದದ್ದು ಒಂದು ನಿಂಬೆಹಣ್ಣು, ಏಳು ಹಸಿಮೆಣಸಿನಕಾಯಿ, ಒಂದು ಇದ್ದಿಲ ಚೂರು. ಎಲ್ಲವನ್ನೂ ಕಟ್ಟಡದ ಸೆಂಟ್ರಿಂಗ್ ಕೆಲಸದವರು ಸರಳಿಗೆ ಕಟ್ಟುವ ಕಬ್ಬಿಣದ ತಂತಿಯಲ್ಲಿ ಪೋಣಿಸಿದ್ದರು. ಮೇಸ್ತ್ರಿ ಮುಂದಿನ ಬಂಪರ್ ತೋರಿಸಿದರು. ಮುದುಕಿ ಒಪ್ಪಲಿಲ್ಲ. ಬಂಪರಿಗೆ ಕಟ್ಟಿದರೆ ಎದುರಿಗೆ ಬರುವವರ ದೃಷ್ಟಿ ತಡೆಯುತ್ತದೆ, ಈ ಪೆಟ್ಟಿಗೆಯ ದೋಷ ಪೆಟ್ಟಿಗೆಯಲ್ಲೇ ಇದೆ, ಅದಕ್ಕೇ ಕಟ್ಟಬೇಕು ಎಂದರು. ನಾನು ಗಾಡಿಯ ಅಡಿಗೆ ಹೋದೆ. ಕಟ್ಟಲು ಅನುಕೂಲವಾದ ಜಾಗ ಅಲ್ಲಿ ಒಂದೇ ಇತ್ತು: ನನ್ನ ಕ್ಲಾಂಪಿನ ತೂತು. ಅಷ್ಟು ಚಂದದ ತೂತಿಗೆ ಕೊನೆಗೂ ಒಂದು ಕೆಲಸ ಸಿಕ್ಕಿತೆಂದು ನನಗೆ ಸಂತೋಷವೇ ಆಯಿತು. ಮುಂದಿನ ಎರಡು ಶನಿವಾರವೂ ಗೌಡರು ಹೊಸ ಸರ ತಂದರು, ನಾನು ಹಳೆಯದನ್ನು ತೆಗೆದು ಹೊಸದನ್ನು ಕಟ್ಟಿದೆ.

ಜುಲೈ ಒಂದಕ್ಕೆ ಮೊದಲ ಸಲ ಇಂಜಿನ್ ಚಾಲೂ ಮಾಡಿದೆವು. ಇಂಜಿನ್ ಚೆನ್ನಾಗಿ ಮಾತಾಡಿತು. ಮೀಟರು ಏಳು ಎಂದಿತು. ನಾನು ಗುಂಡಿ ತಿರುಗಿಸಿ ‘ಲೋ’ಗೆ ಹಾಕಿದೆ. ಲೋ ಬಿದ್ದರೆ ನಿಲ್ಲದೆ ಉರಿಯಬೇಕಾದ ಕೆಂಪು ದೀಪ ಮಿಣುಕಿ ಆರಿಹೋಯಿತು. ಗಾಡಿ ಪೂರ್ತಿ ನಿಂತಿದ್ದರೆ ಮಾತ್ರ ಕಂಟ್ರೋಲ್ ಯೂನಿಟ್ಟು ಲೋಗೆ ಒಪ್ಪುತ್ತದೆ. ಏಳರಲ್ಲಿ ಓಡುತ್ತಿದ್ದೇವೆ ಎಂದು ನಂಬಿದ ಅದು ಒಪ್ಪುವುದಾದರೂ ಹೇಗೆ? ಇಂಜಿನ್ ಬಂದ್ ಮಾಡಿ ತಿರುಗಿಸಿದರೆ ‘ಟಕ್’ ಎಂದು ಲೋ ಬೀಳುತ್ತಿತ್ತು; ಮತ್ತೆ ಇಂಜಿನ್ ಚಾಲೂ ಮಾಡಿದೊಡನೆ ಬಿಟ್ಟುಹೋಗುತ್ತಿತ್ತು. ಇದನ್ನು ಗೌಡರಿಗೆ ವಿವರಿಸಿದೆ. ಅವರು ಟೈರಿನ ಮೇಲೆ ಕೂತು ಸಮಾಧಾನದಿಂದ ಕೇಳಿಸಿಕೊಂಡರು.

“ಅಂದ್ರ ಇಂಜಿನ್ ಬಂದ್ ಮಾಡಿದ್ರ ಕೆಸರಿನ್ಯಾಗ ಹೋಗತೈತಿ ಅಂದಂಗಾತು. ಹೆಣ್ಮಕ್ಕಳು ಇಳಿದು ನೂಕಬೇಕೇನ್ ತಮ್ಮಾ?”

ಇಂಜಿನ್ ನಡೆಯುವಾಗ ಮಾತ್ರ ತೊಂದರೆ ಎಂದರೆ ಡೈನಮೋದ ಕರೆಂಟು ಸೆನ್ಸರಿನ ವೈರಿಗೆ ತಾಗುತ್ತಿದೆ ಎಂದು ನಾನು ತರ್ಕಿಸಿದೆ. ತರ್ಕ ಸರಿಯಾಗಿಯೇ ಇತ್ತು. ಸೆನ್ಸರಿನ ವೈರನ್ನು ಡೈನಮೋದಿಂದ ದೂರ ಸರಿಸಿ ಎಳೆದೆ: ಏಳು. ಅರ್ಥಿಂಗ್ ನಾಲ್ಕು ಕಡೆ ಕೆರೆದು ಹೊಸದಾಗಿ ಕೊಟ್ಟೆ: ಏಳು. ಸೆನ್ಸರೇ ಬದಲಿಸಿದೆ: ಆರು, ಮತ್ತೆ ಏಳು. ಡೈನಮೋದ ಬೆಲ್ಟು ಬಿಚ್ಚಿ ಇಂಜಿನ್ ಓಡಿಸಿದೆ: ಏಳು. ಅವತ್ತು ತರ್ಕವನ್ನೂ ಬಿಟ್ಟೆ. ಪ್ರತಿ ಸಲವೂ ಅಡಿಗೆ ಹೋಗಿ ಸೆನ್ಸರಿನ ತುದಿಗೂ ಹಲ್ಲಿಗೂ ನಡುವಿನ ಅಂತರವನ್ನು ಗೇಜಿನಿಂದ ಅಳೆದೆ. ಪ್ರತಿ ಸಲವೂ ಸರಿಯಿತ್ತು.

ಮೇಸ್ತ್ರಿ ಎರಡು ಸಲ ತಾವೇ ಅಡಿಗೆ ಬಂದು ನೋಡಿದರು. ಮೇಲೆದ್ದು, ಇದು ಪುಣ್ಯವಂತ ಗಾಡಿ, ಕುಂತಲ್ಲೇ ಕಾಶಿಗೆ ಹೋಗಿಬರುತ್ತದೆ ಎಂದರು. ಮರುದಿನದಿಂದ ಬೆಳಿಗ್ಗೆ ಬಂದವರೇ ಕೇಳುತ್ತಿದ್ದರು: “ಎಲ್ಲಿಗೆ ಬಂತಲೇ ಗುಮಾಸ್ತ? ಸಿರುಗುಪ್ಪ ದಾಟಿತೇನು?” ನಾನು ಮೀಟರು ನೋಡಿ ನಿಜವಾದ ಉತ್ತರ ಕೊಡುತ್ತಿದ್ದೆ. ಕೊಡಬಾರದಿತ್ತು.

ಅತ್ತ ನೀರು ನಿಜವಾಗಿ ನಡೆದು ಬರುತ್ತಿತ್ತು. ಗೌಡರು ದಿನಾ ಫೋನು ಮಾಡಿ, ಕಾಲುವೆಗೆ ಬಿಟ್ಟರು, ಮೇಲಿನ ಊರಿನವರ ತೂಬಿಗೆ ಬಂತು ಎಂದು ತಿಳಿಸುತ್ತಿದ್ದರು. ಬೈಯುತ್ತಿರಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಜುಲೈ ಹದಿನಾರಕ್ಕೆ ಮೇಸ್ತ್ರಿ, ನಾಳೆ ಮಧ್ಯಾಹ್ನ ಊಟವಾದ ಮೇಲೆ ಪೆಟ್ಟಿಗೆ ಬಿಚ್ಚೋಣ ಎಂದರು. ಹಾರ್ನುಗಳ ಡಬ್ಬ ನನ್ನ ಕಪಾಟಿನ ಕೆಳಗೆ ಮತ್ತೆ ಬಂದು ಕೂತಿತ್ತು. ಅದನ್ನು ಯಾರು ತಂದಿಟ್ಟರು ಎಂದು ನಾನು ಕೇಳಲಿಲ್ಲ.

ಹದಿನೇಳು, ಗುರುವಾರ. ಮೇಸ್ತ್ರಿ ಊಟದ ಡಬ್ಬಿ ಬಿಚ್ಚಿದ್ದರು. ನಾನು ಉಣ್ಣದೆ, ನನ್ನಿಂದ ಏನೂ ಬಿಟ್ಟುಹೋಗಿಲ್ಲ ಎಂದು ತೋರಿಸಲು, ಮಾಡಿದ ಪರೀಕ್ಷೆಗಳನ್ನೆಲ್ಲ ಡೈರಿಯಿಂದ ಬೇರೆ ಹಾಳೆಗೆ ಬರೆದುಕೊಳ್ಳುತ್ತಿದ್ದೆ. ಜುಲೈ ಎರಡು: “ನಿಂಬೆಹಣ್ಣಿನ ಸರ ಪಕ್ಕಕ್ಕೆ ಸರಿಸಿ ಅಂತರ ಅಳೆದೆ. ಸರಿ ಇದೆ. ಸರ ಮೊದಲಿನಂತೆ ಇಟ್ಟೆ.” ಜುಲೈ ನಾಲ್ಕು: “ಸರ ಸರಿಸಿ ಅಳೆದೆ. ಸರಿ ಇದೆ. ಮೊದಲಿನಂತೆ ಇಟ್ಟೆ.” ಜುಲೈ ಏಳು, ಅದೇ. ಒಂಬತ್ತು, ಅದೇ. ಒಟ್ಟು ಎಂಟು ಸಲ. ಎಂಟನೆಯದನ್ನು ಬರೆಯುವಾಗ ನನ್ನ ಪೆನ್ನು ನಿಂತಿತು.

ಅಡಿಗೆ ನುಗ್ಗಿ ನೋಡಿದೆ. ಸರದ ಕೊನೆಯಲ್ಲಿ ಬೆರಳುದ್ದ ಉಳಿದಿದ್ದ ಕಬ್ಬಿಣದ ತಂತಿ ಸೆನ್ಸರಿನ ಮೂತಿಯ ಮುಂದೆಯೇ ನೇತಾಡುತ್ತಿತ್ತು. ಇಂಜಿನ್ ನಡುಗಿದರೆ ನಿಂಬೆಹಣ್ಣು ನಡುಗುತ್ತದೆ, ನಿಂಬೆಹಣ್ಣು ನಡುಗಿದರೆ ತಂತಿ ಅತ್ತಿತ್ತ ಆಡುತ್ತದೆ. ಕಬ್ಬಿಣ ಕಂಡರೆ ಎಣಿಸುವುದು ಸೆನ್ಸರಿನ ಧರ್ಮ. ಅದು ಹಲ್ಲೋ ತಂತಿಯೋ ಎಂದು ಕೇಳುವುದು ಅದರ ಧರ್ಮವಲ್ಲ. ನಾನು ಸರವನ್ನು ಮಡಚಿ ಮೇಲಕ್ಕೆ ಸಿಕ್ಕಿಸಿ, ಹೊರಬಂದು ಇಂಜಿನ್ ಚಾಲೂ ಮಾಡಿದೆ. ಸೊನ್ನೆ. ಸರ ಇಳಿಬಿಟ್ಟೆ. ಏಳು. ಮಡಚಿದೆ. ಸೊನ್ನೆ. ಹೀಗೆ ಆರು ಸಲ. ಏಳನೆಯ ಸಲಕ್ಕೆ ಮೇಸ್ತ್ರಿ ಎಂಜಲು ಕೈಯಲ್ಲೇ ಎದ್ದು ಬಂದರು.

ತೋರಿಸಿದೆ. ಅಡಿಗೆ ಬಂದಿದ್ದ ಎರಡು ಸಲವೂ ಅವರು ಆ ಸರವನ್ನು ಸರಿಸಿ, ಕೈಯನ್ನು ಕಣ್ಣಿಗೊತ್ತಿಕೊಂಡು, ಕೆಲಸ ಮುಗಿದ ಮೇಲೆ ಮತ್ತೆ ಇದ್ದಲ್ಲೇ ಇಟ್ಟಿದ್ದರು.

“ಪಟ್ಟಿ ಮಾಡಿದ್ಯಲ್ಲಲೇ, ನಲವತ್ಮೂರು. ಅದರಾಗ ಇದಿಲ್ಲೇನು?”

“ಇಲ್ರಿ. ಇದು ಗಾಡಿ ಸಾಮಾನಲ್ಲಲ್ರಿ.”

ಮೇಸ್ತ್ರಿ ತಲೆಯಾಡಿಸಿದರು. ಈಗ ಎದ್ದದ್ದು ಬೇರೆಯೇ ಪ್ರಶ್ನೆ: ಸರವನ್ನು ಅಲ್ಲಿಂದ ತೆಗೆಯುವವರು ಯಾರು? ಮೂವತ್ತೊಂದು ವೈರಿಗೆ ಹೆದರಿದ್ದ ಮೇಸ್ತ್ರಿ ಈ ಒಂದು ತಂತಿಗೆ ಅದಕ್ಕಿಂತ ಹೆಚ್ಚು ಹೆದರಿದ್ದರು. ನಾನೂ ಧೈರ್ಯ ತೋರಲಿಲ್ಲ. ಕೊನೆಗೆ ಅದನ್ನು ಮಡಚಿದ ಹಾಗೆಯೇ ದಾರದಿಂದ ಮೇಲಕ್ಕೆ ಕಟ್ಟಿ, ತೀರ್ಮಾನವನ್ನು ಕಟ್ಟಿಸಿದವರಿಗೇ ಬಿಡುವುದೆಂದು ಗೊತ್ತುಮಾಡಿಕೊಂಡೆವು.

ಹತ್ತೊಂಬತ್ತು, ಶನಿವಾರ, ನಾನೂ ಮೇಸ್ತ್ರಿಯೂ ಗಾಡಿಯನ್ನು ಸಿರುಗುಪ್ಪದ ಮೇಲೆ ಹಚ್ಚೊಳ್ಳಿಗೆ ಓಡಿಸಿಕೊಂಡು ಹೋದೆವು. ದಾರಿಯ ಕಿಲೋಮೀಟರ್ ಕಲ್ಲುಗಳಿಗೂ ಮೀಟರಿಗೂ ತಾಳೆ ನೋಡುತ್ತಾ ಬಂದೆ. ಸರಿಹೋಗುತ್ತಿತ್ತು. ಗೌಡರ ಮನೆಯ ಮುಂದೆ ಗಾಡಿ ನಿಂತದ್ದೇ ತಡ, ಮುದುಕಿ ಸೊಂಟ ಹಿಡಿದುಕೊಂಡು ಬಗ್ಗಿ ಅಡಿಯನ್ನು ನೋಡಿದರು.

“ಮ್ಯಾಲಕ್ಕ ಕಟ್ಟಿದವರ್ಯಾರು?”

ಮೇಸ್ತ್ರಿ ಟೈರು ಪರೀಕ್ಷಿಸಲು ಗಾಡಿಯ ಆ ಬದಿಗೆ ಹೋದರು. ನಾನು ನಿಜ ಹೇಳಿದೆ. ನಿಂಬೆಹಣ್ಣಿನದು ತಪ್ಪಿಲ್ಲ, ಮೆಣಸಿನಕಾಯಿಯದೂ ಇಲ್ಲ, ತಂತಿಯೊಂದರದೇ ತಪ್ಪು, ಕಟ್ಟಿದ ಜಾಗ ನನ್ನ ತಪ್ಪು ಎಂದು ಬಿಡಿಸಿ ಹೇಳಿದೆ. ಮುದುಕಿ ಅರ್ಧಕ್ಕೇ ತಡೆದರು.

“ನಿಂಬಿಹಣ್ಣು ತನ್ನ ಕೆಲಸ ಮಾಡೈತಿ. ಆ ಪೆಟಿಗಿ ಮ್ಯಾಲೆ ಕಣ್ಣು ಹಾಕಿದವನು ಯಾರು? ಮೂರು ವಾರ ಅಡ್ಯಾಗ ಮಲಗಿ ನೋಡಿದಾವ ನೀನು. ಮಾಡ್ಕೊಳ್ಳೋ ಹೆಣ್ಣನ್ನ ಸೈತ ಯಾರೂ ಹಂಗ ನೋಡಂಗಿಲ್ಲ ತಮ್ಮಾ.”

ಗೌಡರು ಗೋಡೆಯ ಕಡೆ ತಿರುಗಿ ನಿಂತರು. ಅವರ ಹೆಗಲು ಅಲುಗುತ್ತಿತ್ತು. ಮುದುಕಿ ನನ್ನನ್ನು ಕಟ್ಟೆಯ ಮೇಲೆ ಕೂಡಿಸಿ, ಉಪ್ಪು ಮೆಣಸಿನಕಾಯಿ ಮೂರು ಸುತ್ತು ನಿವಾಳಿಸಿ ಒಲೆಗೆ ಹಾಕಿದರು. ಘಾಟು ಬರಲಿಲ್ಲ. ಅಷ್ಟು ದೃಷ್ಟಿಯಾಗಿತ್ತು ಎಂಬುದಕ್ಕೆ ಅದೇ ಸಾಕ್ಷಿಯಂತೆ. ಆಮೇಲೆ ಹೊಸ ಸರವನ್ನು ಹತ್ತಿಯ ದಾರದಲ್ಲಿ ಪೋಣಿಸಿಕೊಟ್ಟು, ಎಲ್ಲಿ ಕಟ್ಟಬೇಕು ಎಂದು ನನ್ನನ್ನೇ ಕೇಳಿದರು. ಹಳೆಯದನ್ನು ಬಿಚ್ಚಿ, ಹೊಸದನ್ನು ಪೆಟ್ಟಿಗೆಯ ಆ ಬದಿ, ಸೆನ್ಸರಿನಿಂದ ಒಂದು ಮೊಳ ದೂರ ಕಟ್ಟಿದೆ.

ಅಷ್ಟರಲ್ಲಿ ಸಸಿಯ ಕಟ್ಟುಗಳೂ ಹನ್ನೊಂದು ಮಂದಿ ಹೆಂಗಸರೂ ಗಾಡಿಯಲ್ಲಿ ತುಂಬಿದ್ದರು. ಏರಿಯ ದಾರಿಯಲ್ಲಿ ಮೋರಿಯ ಹತ್ತಿರ, ಎಲ್ಲರೂ ಹೇಳಿದ್ದ ಜಾಗದಲ್ಲೇ, ಹಿಂದಿನ ಚಕ್ರ ಕರಿಮಣ್ಣಿನಲ್ಲಿ ಹೂತು ಸುಮ್ಮನೆ ತಿರುಗತೊಡಗಿತು. ಮೇಲಿನಿಂದ ಒಬ್ಬಾಕೆ, ತಾವಂತೂ ಇಳಿಯುವುದಿಲ್ಲ, ನೂಕುವುದಾದರೆ ಬಳ್ಳಾರಿಯವರೇ ನೂಕಬೇಕು ಎಂದು ಮೊದಲೇ ತಿಳಿಸಿದಳು. ಗಾಡಿ ಓಡಿಸುತ್ತಿದ್ದ ಗೌಡರು ಬ್ರೇಕು ತುಳಿದರು. ಮೀಟರು ಸೊನ್ನೆ. ನಾನು ಗುಂಡಿ ತಿರುಗಿಸಿದೆ. ಕೆಂಪು ದೀಪ ಒಂದು, ಎರಡು, ಮೂರು, ನಾಲ್ಕು ಸಲ ಮಿಣುಕಿತು. ಎಣಿಸುವುದನ್ನು ಬಿಟ್ಟು ಕಣ್ಣು ಮುಚ್ಚಿದೆ. ಅಡಿಯಲ್ಲಿ ‘ಟಕ್’ ಎಂದಿತು. ಕಣ್ಣು ಬಿಟ್ಟಾಗ ದೀಪ ನಿಚ್ಚಳವಾಗಿ ಉರಿಯುತ್ತಿತ್ತು, ಮುಂದಿನ ಚಕ್ರಗಳು ಮಣ್ಣು ಕಚ್ಚಿದ್ದವು. ಗಾಡಿ ಯಾವ ಅವಸರವೂ ಇಲ್ಲದೆ ಮೋರಿ ದಾಟಿತು. ಮೇಸ್ತ್ರಿ ಕಿಟಕಿಯ ಹೊರಗೆ ನೋಡುತ್ತಾ, ಭತ್ತದ ಸಸಿ ಈ ಸಲ ಚೆನ್ನಾಗಿ ಬಂದಿದೆ ಎಂದರು. ಅಷ್ಟೇ.

ಸೋಮವಾರ ಬೆಳಿಗ್ಗೆ ಒಬ್ಬರು ಟ್ರ್ಯಾಕ್ಟರ್ ತಂದು, ಹಾರ್ನು ಹಾಕುವ ಹುಡುಗ ಎಲ್ಲಿ ಎಂದು ಕೇಳಿದರು. ನಾನು ಅಭ್ಯಾಸದಂತೆ ಎದ್ದೆ. ಮೇಸ್ತ್ರಿ ಕೈ ಅಡ್ಡ ಹಿಡಿದರು.

“ಗುಮಾಸ್ತರು ವೈರಿಂಗ್‌ನ್ಯಾಗ ಅದಾರ. ಹಾರ್ನು ನಾನು ಹಾಕ್ತೀನಿ, ಬರ್ರಿ.”

ಆ ದಿನದ ಪುಟದಲ್ಲಿ ಎರಡು ಸಾಲು ಇವೆ. ಗಾಡಿಯಡಿಯ ಪಟ್ಟಿಗೆ ನಲವತ್ನಾಲ್ಕನೆಯದಾಗಿ ನಿಂಬೆಹಣ್ಣು ಸೇರಿಸಿದೆ. ಹಾರ್ನು ಒಂದು, ಹಾಕಿದವರು ಮೇಸ್ತ್ರಿ.