ಖುರಾಕು ಬಿಡದ ಪೈಲವಾನ

ನಿಪ್ಪಾಣಿಯಿಂದ ಬೆಳಿಗ್ಗೆ ಏಳರ ಬಸ್ಸು ಹಿಡಿದೆ. ಹೊರಟದ್ದು ಶಿರಗುಪ್ಪಿಗೆ, ನನ್ನ ಅಣ್ಣ ಮಲ್ಲಪ್ಪನ ಮನೆಗೆ. ಹಿಂದಿನ ದಿನ ವೈನಿ, ಅಣ್ಣನ ಹೆಂಡತಿ, ಫೋನು ಮಾಡಿದ್ದರು. "ನಿಮ್ಮಣ್ಣನ ಕಾಲಾಗ ಹುಣ್ಣ ಆಗೇತ್ರಿ. ಶುಗರ ಏರೇತಿ. ಅಥಣಿ ದವಾಖಾನಿಗೆ ನಡೀರಿ ಅಂದ್ರ ಒಲ್ಲೆ ಅಂತಾರ. ನೀವಾರ ಬಂದ ಹೇಳ್ರಿ." ಅಣ್ಣ ಒಂದು ಕಾಲಕ್ಕೆ ಈ ಭಾಗದಲ್ಲೆಲ್ಲ ಹೆಸರು ಮಾಡಿದ ಪೈಲವಾನ. ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರನಾಗಿದ್ದವನು. ಊರಿಗೆ ಮೈ ಪಳಗಿಸಲು ಹೇಳಿಕೊಟ್ಟ ನಮ್ಮ ಮನೆಯೊಳಗೇ ಈ ಕಾಯಿಲೆ ಹೊಕ್ಕಿತಲ್ಲ ಎಂದು ನನಗೆ ನಾಚಿಕೆಯೂ ಆಯಿತು, ಸಿಟ್ಟೂ ಬಂತು.

ಚಿಕ್ಕೋಡಿಯಲ್ಲಿ ಬಸ್ಸು ಬದಲಿಸಿದೆ. ಸ್ಟ್ಯಾಂಡಿನ ಎದುರು ಮಿಸಳ ಪಾವ್ ತಿಂದು ಚಹಾ ಕುಡಿದೆ. ಚಳಿ ಚೆನ್ನಾಗಿತ್ತು. ಅಂಕಲಿ ದಾಟುವಾಗ ಕಬ್ಬಿನ ಟ್ರ್ಯಾಕ್ಟರುಗಳು ದಾರಿ ಕಟ್ಟಿ ಅರ್ಧ ತಾಸು ನಿಲ್ಲಿಸಿದವು. ಕೃಷ್ಣೆಯ ಸೇತುವೆ ದಾಟಿದ ಮೇಲೆ ಕಂಬಕಂಬಕ್ಕೂ ಪೈಲವಾನರ ಫ್ಲೆಕ್ಸು. ಮರುದಿನ ಶಿರಗುಪ್ಪಿಯಲ್ಲಿ ದೊಡ್ಡ ಜಂಗೀ ನಿಕಾಲಿ ಕುಸ್ತಿ, ಎಂದರೆ ಒಬ್ಬ ಚಿತ್ ಆಗುವ ತನಕ ನಿಲ್ಲದ ಕುಸ್ತಿ, ಇತ್ತು. ಹರಿಯಾಣದಿಂದ, ಪಂಜಾಬದಿಂದ ಹುಡುಗರನ್ನು ಕರೆಸಿದ್ದರು.

ಮನೆ ಮುಟ್ಟಿದಾಗ ಅಣ್ಣ ದೊಡ್ಡ ಹಿತ್ತಾಳೆ ಗ್ಲಾಸಿನಲ್ಲಿ ಹಾಲು ಕುಡಿಯುತ್ತಿದ್ದ. ಬರೀ ಹಾಲಲ್ಲ, ಅರೆದ ಬದಾಮಿ, ತುಪ್ಪ, ಬೆಲ್ಲ ಹಾಕಿದ ಖುರಾಕು. ದಿನಕ್ಕೆ ಸಾವಿರ ಬಸ್ಕಿ ಹೊಡೆಯುತ್ತಿದ್ದಾಗ ಕುಡಿಯುತ್ತಿದ್ದ ಅದೇ ಖುರಾಕು. ಬಸ್ಕಿ ನಿಂತು ಇಪ್ಪತ್ತೈದು ವರ್ಷವಾಗಿದೆ. ಗ್ಲಾಸು ನಿಂತಿಲ್ಲ. ನಮ್ಮ ಕಡೆ ಹಳೆಯ ಪೈಲವಾನರೆಲ್ಲ ಮಾಡುವ ತಪ್ಪು ಇದು: ಅಖಾಡ ಬಿಡುತ್ತಾರೆ, ಖುರಾಕು ಬಿಡುವುದಿಲ್ಲ.

"ಅಣ್ಣಾ, ಇದನ್ನ ಮೊದಲ ಬಿಡ," ಎಂದೆ.

"ಖುರಾಕ ಬಿಟ್ರ ಪೈಲವಾನಕಿ ಎಲ್ಲಿ ಉಳೀತೋ ತಮ್ಮಾ?" ಎಂದು ನಕ್ಕ.

ಕಾಲು ತೋರಿಸೆಂದೆ. ಕಾಲುಚೀಲ ತೆಗೆದಾಗ ಕೊಳೆತ ವಾಸನೆ ಬಂತು. ಕಿರುಬೆರಳೂ ಅದರ ಪಕ್ಕದ್ದೂ ಕಪ್ಪಾಗಿದ್ದವು. ನೋವೇ ಇಲ್ಲವಂತೆ. ಈಗಲೇ ಅಥಣಿಗೆ ಹೊರಡು ಎಂದೆ. "ನಾಳೆ ಮೈದಾನದಾಗ ನನಗ ಪಟಕಾ ಸುತ್ತಿ ಸನ್ಮಾನ ಮಾಡ್ತಾರ. ಅದನ್ನ ಮುಗಿಸಿ ನಾಡಿದ್ದ ಬರ್ತೀನಿ," ಎಂದ. ಅವನು ಹಟ ಹಿಡಿದನೆಂದು ನಾನು ಸುಮ್ಮನಾದೆ ಎಂದರೆ ಅರ್ಧ ಸುಳ್ಳು. ಹರಿಯಾಣದಿಂದ ಬಂದ ಹುಡುಗರ ಕುಸ್ತಿ ನೋಡುವ ಆಸೆ ನನಗೂ ಇತ್ತು.

ಮರುದಿನ ಸಕ್ಕರೆ ಕಾರ್ಖಾನೆಯ ಕಾಕಂಬಿ ವಾಸನೆಯ ನಡುವೆ ಮೈದಾನ ತುಂಬಿತು. ಹಲಗಿ, ಕಹಳೆ, ದೊಡ್ಡ ಪರದೆ. ಅಣ್ಣ ಹುಣ್ಣಿನ ಕಾಲಿಗೆ ಬೂಟು ಏರಿಸಿ ಪಟಕಾ ಸುತ್ತಿಸಿಕೊಂಡ. ಒಬ್ಬ ಮುಖಂಡರು ಮೈಕು ಹಿಡಿದು, ಇಂಥ ಮೈದಾನಗಳಿಂದಲೇ ನಾಡಿನ ಜನ ಗಟ್ಟಿಮುಟ್ಟಾಗುತ್ತಾರೆ ಎಂದರು. ನಾನು ಸುತ್ತ ನೋಡಿದೆ. ಅಖಾಡದೊಳಗೆ ಮೈ ಹುರಿಗೊಂಡ ಇಬ್ಬರು. ಹೊರಗೆ ಗುಟಕಾ ಅಗಿಯುತ್ತ, ವಡಾಪಾವ್ ತಿನ್ನುತ್ತ, ಹೊಟ್ಟೆ ಮುಂದೆ ಬಿಟ್ಟುಕೊಂಡು ಕೂತ ಸಾವಿರಾರು ಜನ, ಅವರಲ್ಲಿ ನಾನೊಬ್ಬ. ಊರಿನ ತಾಲೀಮಿನಲ್ಲಿ, ಎಂದರೆ ಗರಡಿಮನೆಯಲ್ಲಿ, ಬೆಳಿಗ್ಗೆ ಇಣುಕಿ ಬಂದಿದ್ದೆ. ಕೆಂಪು ಮಣ್ಣು ಕಲ್ಲಿನಂತೆ ಗಟ್ಟಿಯಾಗಿತ್ತು, ಅದರ ಮೇಲೆ ಪೆಂಡಾಲಿನ ಸಾಮಾನು ಪೇರಿಸಿದ್ದರು.

ಬೇರೆಯವರನ್ನು ಆಡಿಕೊಳ್ಳುವ ಬಾಯಿ ನನಗಿಲ್ಲ. ಮೂವತ್ತು ವರ್ಷ ನಾನೂ ಅದನ್ನೇ ಮಾಡಿದವನು. ನಲವತ್ತು ಮಕ್ಕಳ ಕ್ಲಾಸಿನಲ್ಲಿ ತಾಲ್ಲೂಕಿನ ಕಬಡ್ಡಿಗೆ ಏಳು ಜನರನ್ನು ಆರಿಸಿ, ಉಳಿದವರನ್ನು ಬೇವಿನ ಮರದ ಕೆಳಗೆ ಕೂಡಿಸುತ್ತಿದ್ದೆ. ಸಾಲೆಗೆ ಬಹುಮಾನದ ಕಪ್ಪುಗಳು ಬಂದವು. ಮರದ ಕೆಳಗೆ ಕೂತವರ ಮೈ ಏನಾಯಿತು ಎಂದು ನಾನು ಒಂದು ದಿನವೂ ಯೋಚಿಸಲಿಲ್ಲ.

ಮೂರನೆಯ ದಿನ ಕಾಗವಾಡದ ಮೇಲಿಂದ ಅಥಣಿಗೆ ಹೋದೆವು. ಹತ್ತಿರ ಹತ್ತಿರ ಒಂದೂವರೆ ತಾಸಿನ ದಾರಿ. ಅಣ್ಣನಿಗೆ ಜ್ವರ ಬಂದು ಬಸ್ಸಿನಲ್ಲಿ ನನ್ನ ಹೆಗಲಿಗೆ ಒರಗಿದ್ದ. ಡಾಕ್ಟರು ಸಣ್ಣ ವಯಸ್ಸಿನ ಹೆಣ್ಣುಮಗಳು. ಕಾಲು ನೋಡಿ ಮುಖ ಸಣ್ಣದು ಮಾಡಿದರು.

"ಕಾಕಾ, ಎರಡ ಬೆರಳ ತಗೀಬೇಕ್ರಿ. ಮೊನ್ನೇನ ಬಂದಿದ್ರ ಒಂದಾರ ಉಳಸ್ತಿದ್ನೇನೋ. ಇನ್ನ ಮ್ಯಾಲ ಖುರಾಕ ಬಂದ್. ಇಲ್ಲಂದ್ರ ಕಾಲೂ ಹೋಗತೈತಿ."

ಅಣ್ಣ ನನ್ನ ಕಡೆ ತಿರುಗಿ ಮೆಲ್ಲಗೆ ಅಂದ: "ವಸ್ತಾದರು ನನಗ ಕುಸ್ತಿ ಹಿಡಿಯೋದ ಕಲಿಸಿದ್ರು. ಬಿಟ್ಟ ಮ್ಯಾಲ ಹ್ಯಾಂಗ ಬದಕಬೇಕಂತ ಯಾರೂ ಹೇಳಲಿಲ್ಲ. ನೀ ಮಾಸ್ತರ ಇದ್ದಿ, ನೀನೂ ಹೇಳಲಿಲ್ಲಲ್ಲೋ." ಹೊರಗೆ ಹೋಗಿ ನಲ್ಲಿಯ ನೀರಿನಲ್ಲಿ ಮುಖ ತೊಳೆದುಕೊಂಡೆ.

ಎರಡು ಬೆರಳು ಹೋದವು, ಕಾಲು ಉಳಿಯಿತು. ವಾರದ ಮೇಲೆ ಡಾಕ್ಟರು, ಹಿಮ್ಮಡಿಯ ಮೇಲಷ್ಟೇ ಭಾರ ಬಿಟ್ಟು ಹತ್ತು ಹೆಜ್ಜೆ ಹಾಕಿರಿ ಎಂದು ವಾಕರ್ ಕೊಟ್ಟರು. ನಾನು ಅಂದೇ ಸಂಜೆ ನಿಪ್ಪಾಣಿಗೆ ಹೊರಡುವವನಿದ್ದೆ. ಅಣ್ಣ ಎದ್ದ. ಮೈಯೆಲ್ಲ ಬೆವರಿತು, ತುಟಿ ಕಚ್ಚಿಕೊಂಡ. ವಾರ್ಡಿನಲ್ಲಿ ಎರಡೂ ಕಡೆ ಅವನಂತೆಯೇ ಶುಗರಿನವರು, ಬಿ.ಪಿ.ಯವರು. ಶಿರಗುಪ್ಪಿಯ ಮೈದಾನದಲ್ಲಿ ಅವನನ್ನು ನೋಡಿದ್ದ ಒಬ್ಬರು ಗುರುತು ಹಿಡಿದು, "ಶಾಬಾಶ್ ಪೈಲವಾನ!" ಎಂದು ಕೂಗಿದರು. ಉಳಿದವರು ಚಪ್ಪಾಳೆ ತಟ್ಟಿದರು.

ಅಣ್ಣ ನಿಂತು ಏದುಸಿರು ಬಿಡುತ್ತ ಅವರನ್ನು ನೋಡಿದ.

"ಚಪ್ಪಾಳಿ ಬ್ಯಾಡ್ರಪಾ," ಎಂದ. "ನಡ್ಯಾಕ ಬರೋರು ಎದ್ದ ಬರ್ರಿ, ನನ್ನ ಜೋಡಿ."